ಗಿಡ್ಡ ಗುರು

ಫೋನಿನಲ್ಲಿ ಮಾತಾಡಿದರೆ ಅಕ್ಕನಿಗೆ ಈಗ ಸರಿಯಾಗಿ ಕೇಳಿಸುವುದಿಲ್ಲ. "ಏನಂದೆ? ಏನಂದೆ?" ಎಂದು ಕೇಳಿ ಕೇಳಿ ಬೇಸತ್ತು ಇಟ್ಟುಬಿಡುತ್ತಾಳೆ. ಆದರೆ ಮೈಸೂರಿನ ಅವಳ ಮನೆಯಲ್ಲಿ ಹ್ಯಾಮ್ ರೇಡಿಯೊ ಇನ್ನೂ ಇದೆ. ಮೋರ್ಸ್ ಸಂಕೇತದ ಪೀಂ ಪೀಂ ಸದ್ದು ಮಾತ್ರ ಅವಳ ಕಿವಿಗೆ ಚೆನ್ನಾಗಿ ಬೀಳುತ್ತದೆ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಕತಾರಿನಲ್ಲಿ ರೇಡಿಯೊ ಪರವಾನಗಿ ಮಾಡಿಸಿಕೊಂಡೆ. ಅವಳಿಗೆ ಹೇಳಲಿಲ್ಲ.

ಸಂಕೇತ ಕಳಿಸಲು ಯಾವ ಪ್ಯಾಡಲ್ ಕೊಳ್ಳಬೇಕೆಂದು ತಿಳಿಯದೆ ತಲೆ ಕೆಟ್ಟುಹೋಯಿತು. ಹಿಂದೆ ನಮ್ಮಲ್ಲಿದ್ದದ್ದು ಮೇಲಿಂದ ಕುಟ್ಟುವ ಒಂದು ಹಿತ್ತಾಳೆ ಕೀ, ಅಷ್ಟೇ. ಈಗ ಒಂದು ಲಿವರಿನದು, ಎರಡು ಲಿವರಿನದು, ಸ್ಪ್ರಿಂಗಿನದು, ಅಯಸ್ಕಾಂತದ್ದು. ವಿಡಿಯೊ ನೋಡಿದಷ್ಟೂ ಗೊಂದಲ ಹೆಚ್ಚಿತು. ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ನಾನಿರುವ ಅಲ್ ವುಕೈರ್‌ನಿಂದ ಹೊರಟು ಐನ್ ಖಾಲಿದ್‌ನಲ್ಲಿರುವ ಗೆಳೆಯರೊಬ್ಬರ ಮನೆಗೆ ಹೋದೆ. ಮಂಗಳೂರಿನವರು, ರೇಡಿಯೊ ಹುಚ್ಚಿನವರು.

"ಹೆಬ್ಬೆರಳಿಗೆ ಚುಕ್ಕಿ, ತೋರುಬೆರಳಿಗೆ ಗೆರೆ. ಉದ್ದ ಎಷ್ಟೂಂತ ನೀವು ತಲೆಬಿಸಿ ಮಾಡುದು ಬೇಡ ಮಾರಾಯ್ರೆ, ಮಿಷನ್ನೇ ನೋಡಿಕೊಳ್ತದೆ" ಎಂದು ಅವರು ತಮ್ಮ ಪ್ಯಾಡಲ್‌ಗಳನ್ನು ಮುಂದಿಟ್ಟರು.

ನನ್ನ ತಲೆಬಿಸಿಯೇ ಅದು. ಚಿಕ್ಕವನಿದ್ದಾಗ ಅಕ್ಕ ನನಗೆ ಚುಕ್ಕಿ ಲಘು, ಗೆರೆ ಗುರು ಎಂದು ಕಲಿಸಿದ್ದಳು. ಮೋರ್ಸ್‌ನಲ್ಲಿ ಗೆರೆ ಮೂರು ಚುಕ್ಕಿಯಷ್ಟು ಉದ್ದವಿರಬೇಕು. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ ಅಭ್ಯಾಸಕ್ಕೆ ನಾನು ಎರಡೇ ಮಾತ್ರೆ ಎಳೆಯುತ್ತಿದ್ದೆ. "ಗಿಡ್ಡ ಗುರು" ಎಂದು ಅಕ್ಕ ರೇಗಿಸುತ್ತಿದ್ದಳು.

ಎರಡು ಲಿವರಿನದು ನನ್ನ ಬೆರಳಿಗೆ ಒಗ್ಗಲೇ ಇಲ್ಲ. ಬೇಡದ ಚುಕ್ಕಿಗಳು ಉದುರಿದವು. ಒಂದು ಲಿವರಿನದು ಹೇಗೋ ಹಿಡಿತಕ್ಕೆ ಬಂತು. ಶುಕ್ರವಾರ ಅಕ್ಕ ರೇಡಿಯೊದ ಯಾವ ತರಂಗಾಂತರದಲ್ಲಿ ಸಿಗುತ್ತಾಳೆಂದು ಗೊತ್ತಿತ್ತು. ಪರವಾನಗಿಯ ಜೊತೆ ಸಿಕ್ಕ ನನ್ನ ಹೊಸ ಕರೆಗುರುತು ಅವಳಿಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕಟ್ಟಿ "ಅಕ್ಕ, ಹೇಗಿದ್ದೀಯಾ?" ಎಂದು ಕಳಿಸಿದೆ. ರೇಡಿಯೊದ ಹುಡುಗರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುವುದು, ಆ ಮಾತಿನಿಂದ ನಾನೆಂದು ತಿಳಿಯುವಂತಿರಲಿಲ್ಲ. ಒಂದೊಂದು ಗೆರೆಯೂ ಅಚ್ಚುಕಟ್ಟಾಗಿ ಹೋಯಿತು.

ಉತ್ತರ ಬಂತು: "ಯಾರು ನೀವು?"

ನೀವು! ಅಕ್ಕ ನನಗೆ ಬಹುವಚನ ಹಚ್ಚಿದ್ದಳು.

"ಹೆಸರು ಹೇಳಿಬಿಡಿ ಮಾರಾಯ್ರೆ" ಎಂದರು ಗೆಳೆಯರು.

ಕೈಯಿಂದಲೇ ಗುರುತು ಹಿಡಿಯಲಿ ಎಂದು ನನಗೆ ಹಟ. "ಈ ಮಿಷನ್ ಆಫ್ ಮಾಡಕ್ಕಾಗುತ್ತಾ?"

"ಆಫ್ ಮಾಡ್ಲಿಕ್ಕೆ ಯಾರಾದ್ರೂ ಪ್ಯಾಡಲ್ ತೆಕ್ಕೊಳ್ತಾರಾ?" ಎಂದು ಗೊಣಗುತ್ತಲೇ ಅವರು ಗುಂಡಿ ಒತ್ತಿದರು. "ಖಲಾಸ್. ಇನ್ನು ಉದ್ದ ಗಿಡ್ಡ ಎಲ್ಲ ನಿಮ್ಮ ಕೈಯದ್ದೇ."

ಅದೇ ಮಾತನ್ನು ಕೈಯಳತೆಯಲ್ಲಿ ಮತ್ತೆ ಕಳಿಸಿದೆ. ಗೆರೆಗಳು ಮತ್ತೆ ಎರಡೇ ಮಾತ್ರೆಗೆ ನಿಂತವು. ಕೆಟ್ಟೆನಲ್ಲ ಎಂದುಕೊಂಡೆ. ಆಮೇಲೆ ಅಕ್ಕನ ಚುರುಕು ಕೈ ಕೇಳಿಸಿತು:

"ಎಲ್ಲಿದ್ದೀಯೋ, ಗಿಡ್ಡ ಗುರು?"