ಅಣ್ಣನ ಡಿಸ್ಕು, ತಮ್ಮನ ಡಿಸ್ಕು

ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಎಂದು ಯಾರಾದರೂ ಹೇಳಿದರೆ ನನಗೆ ನಗುವಿಗಿಂತ ಸಿಟ್ಟೇ ಬರುತ್ತಿತ್ತು. ಸೇಡಂನಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡು ಚಿತ್ತಾಪುರ, ವಾಡಿ, ಚಿಂಚೋಳಿ ಎಂದು ತಿರುಗಿದವನು ನಾನು. ದೆವ್ವ ಎಂದವರ ಡಬ್ಬಿ ಬಿಚ್ಚಿದರೆ ಸಡಿಲಾದ ವೈರೋ, ಸತ್ತ ಜಿರಳೆಯೋ, ಕಲ್ಲುಗಣಿಗಳ ಶಹಾಬಾದಿನಲ್ಲಾದರೆ ಬೊಗಸೆ ತುಂಬ ಕಲ್ಲಿನ ಪುಡಿಯೋ ಸಿಗುತ್ತಿತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಶಹಾಬಾದಿನ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್ ಚಾಲೂ ಆಗುತ್ತಿಲ್ಲವೆಂದು ಕರೆ ಬಂತು. ಸ್ಟುಡಿಯೋ ಇಬ್ಬರು ಅಣ್ಣತಮ್ಮಂದಿರದು. ದೊಡ್ಡವನು ಬಸಣ್ಣ, ಸಣ್ಣವನು ರೇವಣ್ಣ. ಪಾಲಾಗಿ ವರ್ಷವಾಗಿತ್ತು, ಮಾತು ಬಿಟ್ಟು ಅದಕ್ಕೂ ಹೆಚ್ಚು. ಮನೆಗೆ ಅಡ್ಡಗೋಡೆ ಎದ್ದಿತ್ತು, ಆದರೆ ಇದ್ದೊಂದು ಕಂಪ್ಯೂಟರಿಗೆ ಗೋಡೆ ಕಟ್ಟಲಾಗುವುದಿಲ್ಲವಲ್ಲ. ಅದಕ್ಕೇ ಒಳಗೆ ಎರಡು ಹಾರ್ಡ್‌ಡಿಸ್ಕು ಕೂರಿಸಿದ್ದರು. ಮಧ್ಯಾಹ್ನ ಒಂದು ಗಂಟೆಯವರೆಗೆ ತಮ್ಮ ತನ್ನ ಡಿಸ್ಕಿನಿಂದ ಚಾಲೂ ಮಾಡುವುದು, ಆಮೇಲೆ ಅಣ್ಣ ತನ್ನದರಿಂದ.

ಆ ಕಾಲದಲ್ಲಿ ಒಂದೇ ಕೇಬಲ್ಲಿಗೆ ಎರಡು ಡಿಸ್ಕು ಸಿಕ್ಕಿಸಿದರೆ, ಯಾವುದು ಮೊದಲನೆಯದು ಯಾವುದು ಎರಡನೆಯದು ಎಂದು ಅವುಗಳ ಹಿಂದಿನ ಜೋಳದ ಕಾಳಿನಷ್ಟಿರುವ ಜಂಪರ್ ಎಂಬ ಪ್ಲಾಸ್ಟಿಕ್ ಚೂರನ್ನು ಸರಿಸಿ ತಿಳಿಸಬೇಕಿತ್ತು. ಇವರು ದಿನಾ ಪಾಳಿ ಬದಲಾದಾಗ ಡಬ್ಬಿ ಬಿಚ್ಚಿ ಜಂಪರ್ ಬದಲಿಸುತ್ತಿದ್ದರಂತೆ. ನಾನು ಬಿಚ್ಚಿ ನೋಡಿದರೆ ಎರಡೂ ಡಿಸ್ಕುಗಳು ಮೊದಲನೆಯವಾಗಿ ಕೂತಿದ್ದವು. ಹಾಗಿದ್ದರೆ ಯಂತ್ರ ಚಾಲೂ ಆಗುವುದೇ ಇಲ್ಲ. ಹಿಂದಿನ ದಿನ ಜಗಳವಾಗಿ, ತನ್ನದು ಎರಡನೆಯದಾಗಲು ಇಬ್ಬರೂ ಬಿಟ್ಟಿರಲಿಲ್ಲ. ಇಂಥವರ ಸಲುವಾಗಿ ಉರಿಬಿಸಿಲಲ್ಲಿ ಬಸ್ಸು ಹತ್ತಿ ಬಂದೆನಲ್ಲ ಎಂದು ಮೈ ಉರಿಯಿತು.

ಅಷ್ಟರಲ್ಲಿ ಬಸಣ್ಣ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ. ನನ್ನ ಪಕ್ಕದಲ್ಲೇ ಕೂತಿದ್ದ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

"ಏ ಮಿಸ್ತ್ರಿ, ನನ್ನ ಡಿಸ್ಕಿಗೆ ಕೈ ಹಚ್ಚಿದಿ ಅಂದ್ರ ಕೈ ಮುರಿತೀನಿ. ನನ್ನ ಹೆಂಡತಿ ಫೋಟೋ ಎಲ್ಲಾ ಅದರಾಗ ಅವ. ಹೋದ ಸಲ ಬಂದ ಕಳ್ಳ ಏನೇನೋ ಬಿಚ್ಚಿಕೊಂಡು ಹೋದ. ನೀನೂ ಅಂಥವನೇ ಕಾಣ್ತಿ."

ಹೇಳಿ ಯಾವುದೋ ಮದುವೆಯ ಫೋಟೋ ತೆಗೆಯಲು ಹೊರಟುಹೋದ. ಅವನ ಹೆಂಡತಿ ತೀರಿ ಎರಡು ವರ್ಷವಾಗಿತ್ತು. ಪ್ರಿಂಟು, ನೆಗೆಟಿವ್ ಎಲ್ಲ ಸೋರಿದ ಮಾಳಿಗೆಯ ನೀರಿಗೆ ಹಾಳಾಗಿ, ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿಟ್ಟವಷ್ಟೇ ಉಳಿದಿದ್ದವು. ಇದನ್ನು ಹೇಳಿದವನು ರೇವಣ್ಣನೇ. ಹೇಳಿ, ದನಿ ತಗ್ಗಿಸಿ ಅಂದ:

"ಅದನ್ನ ಪೂರಾ ಸಾಫ್ ಮಾಡ್ರಿ ಸಾಹೇಬ್ರ. ತಾನೇ ಕೆಟ್ಟದ ಅಂತ ಹೇಳಿದ್ರಾಯ್ತು."

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಕಳ್ಳ ಎಂದನಲ್ಲ ಎಂಬ ಸಿಟ್ಟು ಇನ್ನೂ ಇಳಿದಿರಲಿಲ್ಲ. ರೇವಣ್ಣನ ಡಿಸ್ಕು ತೆಗೆದು ಬದಿಗಿಟ್ಟೆ. ಬಸಣ್ಣನದೊಂದನ್ನೇ ಜೋಡಿಸಿ, ಫ್ಲಾಪಿ ಹಾಕಿ, ಯಾರೂ ಮತ್ತೆ ಏನನ್ನೂ ಹೊರತೆಗೆಯಲಾಗದ ಹಾಗೆ ಅಳಿಸಿದೆ. ಅದು ಮುಗಿಯಲು ಒಂದು ತಾಸು ಹಿಡಿಯಿತು. ರೇವಣ್ಣ ಚಹಾ ತರಿಸಿದ, ಆರಾಮಾಗಿ ಕುಡಿದೆ.

ಆಮೇಲೆ ಬಸಣ್ಣನ ಡಿಸ್ಕು ಬಿಚ್ಚಿ ಮೇಜಿನ ಮೇಲಿಟ್ಟು, ರೇವಣ್ಣನದನ್ನು ಸಿಕ್ಕಿಸಿ ಚಾಲೂ ಮಾಡಿದೆ. ಸರಾಗವಾಗಿ ಚಾಲೂ ಆಯಿತು. ಪರದೆಯ ತುಂಬ ಒಬ್ಬ ಹೆಣ್ಣುಮಗಳು. ಹಸಿರು ಸೀರೆ, ನೆಲಕ್ಕೆ ಹಾಸುವ ಫರಸಿ ಕಲ್ಲುಗಳ ರಾಶಿಯ ಮೇಲೆ ಕೂತಿದ್ದಾಳೆ. ಹುಬ್ಬು ಗಂಟಿಕ್ಕಿ ನೇರ ನಮ್ಮಿಬ್ಬರನ್ನೇ ನೋಡುತ್ತಿದ್ದಾಳೆ.

ರೇವಣ್ಣ ಎದ್ದು ನಿಂತ. "ವೈನಿ," ಅಂದ. ಅಣ್ಣನ ಹೆಂಡತಿ. "ಅಕಿ ಫೋಟೋ ನನ್ನ ಡಿಸ್ಕಿನಾಗ ಒಂದೂ ಇಲ್ರಿ."

ಡಿಸ್ಕು ಅದಲುಬದಲಾಯಿತೇನೋ ಎಂದುಕೊಂಡೆ. ಡಿಸ್ಕುಗಳ ಮೇಲೆ ಅಂಟಿಸಿದ್ದ ಹೆಸರಿನ ಚೀಟಿ ನೋಡಿದೆ. ಅಳಿಸಿದ್ದು ಬಸಣ್ಣನದೇ, ಕೇಬಲ್ ಇಲ್ಲದೆ ಮೇಜಿನ ಮೇಲೆ ಬಿದ್ದಿತ್ತು. ಒಳಗಿದ್ದುದು ರೇವಣ್ಣನದೇ, ಅವನ ಕೆಲಸವೆಲ್ಲ ಇದ್ದ ಹಾಗೇ ಇತ್ತು. ಆ ಫೋಟೋ ಮಾತ್ರ ಎಷ್ಟು ಹುಡುಕಿದರೂ ಎಲ್ಲಿಯೂ ಸಿಗಲಿಲ್ಲ. ಆರಿಸಿ ಮತ್ತೆ ಹಚ್ಚಿದೆ, ಅವಳೇ. ಮೂರನೆಯ ಸಲವೂ ಅವಳೇ. ಪ್ಲಗ್ಗು ಕಿತ್ತುಬಿಟ್ಟೆ.

ಒಂದು ಗಂಟೆಗೆ ಬಸಣ್ಣ ತನ್ನ ಪಾಳಿಗೆ ಬಂದ. ಮೇಜಿನ ಮೇಲಿನ ಡಿಸ್ಕು ನೋಡಿದ, ನಮ್ಮ ಮುಖ ನೋಡಿದ. ತಾನೇ ಕೆಟ್ಟಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಸತ್ಯವಂತನೆಂದಲ್ಲ, ಹೆದರಿದ್ದೆ. ಎಲ್ಲ ಹೇಳಿದೆ. ಅವನು ಕೈ ಎತ್ತಲಿಲ್ಲ, ಬೈಯಲೂ ಇಲ್ಲ.

"ಅಕೀನ ತೋರಸ್ರಿ," ಅಂದ.

ಪ್ಲಗ್ಗು ಹಾಕಿ ಚಾಲೂ ಮಾಡಿದೆ. ರೇವಣ್ಣನ ಎಂದಿನ ಬರೀ ನೀಲಿ ಪರದೆ. ಆರಿಸಿ ಹಚ್ಚಿದೆ, ಆರಿಸಿ ಹಚ್ಚಿದೆ. ಎಷ್ಟು ಸಲವೋ ಲೆಕ್ಕವಿಲ್ಲ. ಅವಳು ಬರಲಿಲ್ಲ. ಹೇಗಿದ್ದಳು ಎಂದು ಕೇಳಿದ. ಸೀರೆ, ಕಲ್ಲಿನ ರಾಶಿ, ಆ ನೋಟ, ಕಂಡದ್ದನ್ನೆಲ್ಲ ಹೇಳಿದೆ.

"ಕ್ಯಾಮೆರಾ ಹಿಡದ್ರ ಅಕಿ ಯಾವಾಗೂ ತಲಿ ತಗ್ಗಸ್ತಿದ್ಳು. ಅಂಥಾ ಫೋಟೋ ನಾ ತೆಗದೇ ಇಲ್ಲ," ಅಂದ ಬಸಣ್ಣ. ಆಮೇಲೆ ನಮ್ಮ ಕಡೆ ನೋಡದೆ, ಆ ನೀಲಿ ಪರದೆಗೇ ಹೇಳಿದ: "ಇವರಿಗೆ ಕಂಡಿ. ನನಗ್ಯಾಕ ಕಾಣಲಿಲ್ಲ?"

ಹಳೆಯ ಚಿತ್ರ ಯಂತ್ರದ ಮೆಮೊರಿಯಲ್ಲಿ ಉಳಿದಿತ್ತು ಎಂದುಕೊಳ್ಳೋಣವೆಂದರೆ, ತೆಗೆಯದೇ ಇದ್ದ ಫೋಟೋ ಎಲ್ಲಿ ಉಳಿದೀತು? ನನ್ನ ಕಸುಬಿನಲ್ಲಿ ಇದಕ್ಕೆ ಉತ್ತರವಿಲ್ಲ, ಹುಡುಕಿ ಸೋತಿದ್ದೇನೆ. ಅಂದಿನಿಂದ ಯಾರ ಡಿಸ್ಕನ್ನೇ ಅಳಿಸುವುದಿದ್ದರೂ ಅದರ ಧಣಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಬಸಣ್ಣ ಆ ದಿನ ನನ್ನ ಕೈ ಮುರಿಯಲಿಲ್ಲ. ಮುರಿದಿದ್ದರೆ ಇಷ್ಟು ಹೊತ್ತಿಗೆ ಕೂಡಿಕೊಂಡಿರುತ್ತಿತ್ತು.