ಕಂಡಕ್ಟರ್ ಶಿವರಾಜಪ್ಪನಿಗೆ ಮಾತು ಬಂದದ್ದು

ಭಾಲ್ಕಿಯಿಂದ ಬೀದರ ಹಾಯ್ದು ಔರಾದಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಶಿವರಾಜಪ್ಪ ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದ. ಬಸ್ಸು ಹೊರಡುವ ಮೊದಲು ಬಾಗಿಲಿಗೆ ಜೋತುಬಿದ್ದು ದಾರಿಯ ಊರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗುವುದು ಅವನ ಪದ್ಧತಿ. "ಹಲಬರ್ಗಾ, ನೌಬಾದ, ಬೀದರ, ಜನವಾಡಾ, ಕೌಠಾ, ಸಂತಪೂರ, ಔರಾ...ದ!" ಆ ದನಿ ಕೇಳಿದ್ದೇ ತಡ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು ಬಸಿ ಅಲ್ಲೇ ಇಟ್ಟು ಓಡಿ ಬರುತ್ತಿದ್ದರು. "ನಿನ್ನ ಬಾಯಿ ಇರೂತನಕ ನನಗ ಹಾರ್ನ್ ಯಾಕ ಬೇಕು ಭಾಯಿ?" ಎಂದು ಡ್ರೈವರ್ ಖಾಜಾ ಮಿಯಾ ನಗುತ್ತಿದ್ದ.

ಬಾಯಿಯೇ ಶಿವರಾಜಪ್ಪನ ದೊಡ್ಡ ಆಸ್ತಿ. ಗಡಿಯ ಕಡೆಯಿಂದ ಬಂದವರ ಜತೆ ಮರಾಠಿ, ಬೀದರಿನ ಗಲ್ಲಿಯವರ ಜತೆ ದಖನಿ, ಉಳಿದವರ ಜತೆ ತಾನು ಹುಟ್ಟಿದ ಹಲಬರ್ಗಾದ ಕನ್ನಡ. ಪಾಸು ಮರೆತು ಬಂದ ಕಾಲೇಜು ಹುಡುಗರನ್ನು ಇಡೀ ಬಸ್ಸು ಕೇಳುವಂತೆ ಬೈಯುತ್ತಿದ್ದ, ಬೈದಾದ ಮೇಲೆ ಸೀಟು ಹುಡುಕಿ ಕೂರಿಸುತ್ತಿದ್ದ. ನಿವೃತ್ತಿಯಾಗಿ ಎರಡು ವರ್ಷವಾದರೂ ಆ ಚಾಳಿ ಹೋಗಿರಲಿಲ್ಲ. ಮನೆಗೆ ನಾಲ್ಕು ಜನ ನೆಂಟರು ಬಂದರೆ ಸಾಕು, "ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗಾ ಅದ," ಎನ್ನುತ್ತಿದ್ದ. ಹೆಂಡತಿ ದಾನಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹೋದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಚಹಾಕ್ಕೆ ಕೂತವನ ಕೈಯಿಂದ ಕಪ್ಪು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ಮೇಲೇಳಲಿಲ್ಲ. ಹೆಂಡತಿಯನ್ನು ಕೂಗಲು ಬಾಯಿ ತೆರೆದ; ಹೊರಟದ್ದು ಮಾತಲ್ಲ, ಬರೀ ಗೊರಗೊರ. ದಾನಮ್ಮ ಬಂದು ನೋಡಿದಾಗ ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಅವಳು ಓಡಿದ್ದು ಪಕ್ಕದ ಗಲ್ಲಿಯ ಖಾಜಾ ಮಿಯಾನ ಮನೆಗೆ. ಮಿಯಾ ಅಳಿಯನ ಕಾರು ತಂದ. ಭಾಲ್ಕಿಯ ವೈದ್ಯರು ನೋಡಿದವರೇ ಬೀದರಿಗೆ ಒಯ್ಯಲು ಹೇಳಿದರು. ಮೂವತ್ತೊಂದು ವರ್ಷ ತಾನು ಕೂಗಿಕೊಂಡು ಹೋದ ಹಾದಿಯಲ್ಲಿ ಶಿವರಾಜಪ್ಪ ಹಿಂದಿನ ಸೀಟಿನಲ್ಲಿ ಮಾತಿಲ್ಲದೆ ಮಲಗಿ ಹೋದ.

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಜೀವಕ್ಕೆ ಅಪಾಯವಿಲ್ಲ, ಕೈಕಾಲು ಬರಬಹುದು, ಮಾತಿನದು ಹೇಳಲಾಗದು ಎಂದರು ಬೀದರಿನ ಡಾಕ್ಟರು. ಅವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಹೋಗುವವರು. ಉಳಿದ ಹೊತ್ತೆಲ್ಲ ಅವನು ನರ್ಸುಗಳ ಕೈಯಲ್ಲಿದ್ದ. ಮೂವತ್ತು ಮಂಚದ ಆ ವಾರ್ಡಿನಲ್ಲಿ ಒಂದು ಪಾಳಿಗೆ ಇಬ್ಬರೇ. ಒಬ್ಬಳು ಉಜ್ವಲಾ, ಭಾಲ್ಕಿ ಕಡೆಯ ಮೆಹಕರದ ಹುಡುಗಿ, ಮೂವತ್ತು ತುಂಬಿರಲಿಕ್ಕಿಲ್ಲ, ನಡೆದರೆ ಓಡಿದಂತೆ. ಇನ್ನೊಬ್ಬ ಅಮೋಲ್. ಅಗಲ ಭುಜದ, ಮೆಲುಮಾತಿನ ಆ ಗಂಡು ನರ್ಸನ್ನು ವಾರ್ಡಿನವರೆಲ್ಲ ಬ್ರದರ್ ಎನ್ನುತ್ತಿದ್ದರು.

ಎರಡು ತಾಸಿಗೊಮ್ಮೆ ಇಬ್ಬರೂ ಬಂದು ಅವನನ್ನು ಮಗ್ಗಲು ಬದಲಿಸಿ ಮಲಗಿಸುತ್ತಿದ್ದರು. ಬೆನ್ನು ಒರೆಸಿ ಪೌಡರು ಹಚ್ಚುತ್ತಿದ್ದರು. ಹತ್ತಿಯಿಂದ ಬಾಯಿಯೊಳಗೆ ಸ್ವಚ್ಛ ಮಾಡುತ್ತಿದ್ದರು. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವಾಗ ಉಜ್ವಲಾ, "ಇವತ್ತ ಸಪ್ಪನ ಊಟ ಅದ್ರಿ ಕಾಕಾ, ಹೊಟ್ಟಿಗಿ ಹಾಕ್ಕೋರಿ," ಎನ್ನುವಳು. ಅವನಿಗೆ ಉತ್ತರಿಸಲು ಆಗುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಸಲವೂ ಕೇಳಿಯೇ ಮುಟ್ಟುವಳು: "ಎಡಕ್ಕ ಹೊಳ್ಳೂಣೇನ್ರಿ ಕಾಕಾ?"

"ಇಷ್ಟು ಸಲ ಯಾಕವ್ವಾ? ಅವರಿಗಿ ಮಲಗಾಕ ಬಿಡ್ರಿ," ಎಂದಳು ದಾನಮ್ಮ ಮೊದಲ ದಿನ.

"ಒಂದೇ ಮಗ್ಗಲಾಗ ಇದ್ರ ಬೆನ್ನಿಗಿ ಹುಣ್ಣಾಗ್ತಾವ್ರಿ ಮೌಶಿ. ನಾಳಿ ಮಾತು ಬಂದ ಮ್ಯಾಲ ಕಾಕಾ ನಮಗೇ ಬೈತಾರ."

ನಾಳೆ ಮಾತು ಬಂದ ಮೇಲೆ. ಆ ಮಾತನ್ನು ಹಾಗೆ ಖಚಿತವಾಗಿ ಅಂದವಳು ಆ ಆಸ್ಪತ್ರೆಯಲ್ಲಿ ಅವಳೊಬ್ಬಳೇ.

ಶಿವರಾಜಪ್ಪನಿಗೆ ತಡೆಯಲಾಗದೆ ಹೋದದ್ದು ನೋವಲ್ಲ, ನಾಚಿಕೆ. ಹೊಲಸು ಮಾಡಿಕೊಂಡಾಗ ಮಕ್ಕಳ ವಯಸ್ಸಿನವರು ಬಂದು ಬಟ್ಟೆ ಬಿಚ್ಚಿ ಒರೆಸಬೇಕು. ಐದನೆಯ ದಿನ ಅಮೋಲ್ ಆ ಕೆಲಸದಲ್ಲಿದ್ದಾಗ ಅವನ ಮೈಯೊಳಗಿನ ಸಿಟ್ಟೆಲ್ಲ ಎಡಗೈಗೆ ಇಳಿಯಿತು. ಪಕ್ಕದಲ್ಲಿದ್ದ ಸ್ಟೀಲಿನ ಗ್ಲಾಸು ಎತ್ತಿ ಬೀಸಿದ. ಅದು ಅಮೋಲನ ಹುಬ್ಬಿನ ಮೇಲೆ ಬಡಿದು ರಕ್ತ ಬಂತು.

ದಾನಮ್ಮ ಚೀರಿದಳು. ಅಮೋಲ್ ತೋಳಿನಿಂದ ರಕ್ತ ಒತ್ತಿಕೊಂಡ. ಕೈಗವಸು ಬದಲಿಸಿ, ಅರ್ಧಕ್ಕೆ ನಿಂತ ಕೆಲಸ ಪೂರ್ತಿ ಮಾಡಿ, ಒಣಗಿದ ಚಾದರ ಹೊದಿಸಿ, ಆಮೇಲೆ ಸೊಂಟ ನೀವಿಕೊಂಡು ನಿಂತು ಹೇಳಿದ: "ಎಡಗೈಯಾಗೇ ಇಷ್ಟು ಜೋರ ಅದ ಅಂದ್ರ, ಬಲಗೈಗಿ ಬಂದ ದಿನ ನಾವು ವಾರ್ಡ್ ಬಿಟ್ಟು ಓಡಬೇಕಾಗ್ತದ ನೋಡ್ರಿ ಕಾಕಾ." ಅಷ್ಟು ಹೇಳಿ ಪಟ್ಟಿ ಹಚ್ಚಿಸಿಕೊಳ್ಳಲು ಹೋದ.

ಶಿವರಾಜಪ್ಪ ಗೋಡೆಯ ಕಡೆ ಮುಖ ಮಾಡಿ ಅತ್ತ. ಮರುದಿನ ಬೆಳಿಗ್ಗೆ ಅಮೋಲ್ ರೇಜರು, ಬಿಸಿನೀರು ಹಿಡಿದು ಬಂದ. ಐದು ದಿನದ ಗಡ್ಡ ತೆಗೆದು, ಮೀಸೆಯ ತುದಿಯನ್ನು ಅಳತೆ ನೋಡಿ ಕತ್ತರಿಸಿ, ಮೊಬೈಲಿನಲ್ಲಿ ಅವನ ಮುಖ ಅವನಿಗೇ ತೋರಿಸಿದ. ಶಿವರಾಜಪ್ಪ ಎಡಗೈ ಎತ್ತಿದ. ದಾನಮ್ಮ ಹೆದರಿ ಮುಂದೆ ಬಂದಳು. ಆ ಕೈ ಮೆಲ್ಲಗೆ ಹೋಗಿ ಅಮೋಲನ ಹುಬ್ಬಿನ ಪಟ್ಟಿಯ ಮೇಲೆ ಕೂತಿತು. ಬಹಳ ಹೊತ್ತು ಅಲ್ಲೇ ಇತ್ತು.

ಒಂಬತ್ತನೆಯ ದಿನ ನಳಿಕೆ ತೆಗೆದಿದ್ದರು. ಉಜ್ವಲಾ ಚಮಚೆಯಲ್ಲಿ ಗಂಜಿ ಕುಡಿಸುತ್ತ ದಾನಮ್ಮನ ಜತೆ ಊರು-ಮನೆ ವಿಚಾರಿಸುತ್ತಿದ್ದಳು. ನಮ್ಮ ಮನೆಯವರು ಔರಾದ ಬಸ್ಸಿನ ಕಂಡಕ್ಟರಾಗಿದ್ದರು ಎಂದು ದಾನಮ್ಮ ಹೇಳುತ್ತಲೇ ಚಮಚೆ ನಡುದಾರಿಯಲ್ಲಿ ನಿಂತಿತು.

"ಅಯ್ಯ! ಮುಂಜಾನಿ ಬಸ್ಸಿನ ಕಾಕಾ ಇವರೇನ್ರಿ? ನಾ ನರ್ಸಿಂಗ್ ಕಲಿಯಾಕ ಬಂದಾಗ ನಾಕು ವರ್ಷ ಪ್ರತಿ ಸೋಮವಾರ ಇವರ ಬಸ್ಸಿನಾಗೇ ಬೀದರಕ್ಕ ಬಂದೀನಿ. ಹಾಸ್ಟೆಲಿನಾಗ ನಾವೆಲ್ಲ ಕಾಕಾನಂಗ ಕೂಗಿ ಕೂಗಿ ನಗ್ತಿದ್ದಿವಿ!"

ಶಿವರಾಜಪ್ಪ ಅವಳ ಮುಖ ನೋಡಿದ. ನೆನಪಾಗಲಿಲ್ಲ. ಸೋಮವಾರದ ಬಸ್ಸಿನಲ್ಲಿ ಅಂಥ ಹುಡುಗಿಯರು ಎಷ್ಟೋ.

ಅವಳು ಬಟ್ಟಲು ಕೆಳಗಿಟ್ಟು ಎದ್ದು, ಸಲೈನ್ ಬಾಟಲಿ ತೂಗುಹಾಕುವ ಕಂಬವನ್ನು ಒಂದು ಕೈಯಲ್ಲಿ ಹಿಡಿದು ವಾಲಿ ನಿಂತು ದನಿ ತೆಗೆದಳು. "ಹಲಬರ್ಗಾ, ನೌಬಾದ, ಬೀದರ, ಜನವಾಡಾ, ಸಂತಪೂರ, ಔರಾ...ದ!"

ಅಕ್ಕಪಕ್ಕದ ಮಂಚದವರು ನಕ್ಕರು. ಶಿವರಾಜಪ್ಪ ನಗಲಿಲ್ಲ. ಅವನ ಮುಖ ಬಿಗಿಯಿತು. ಎಡಗೈಯಿಂದ ಹಾಸಿಗೆ ಬಡಿದ. ಗಂಟಲಿನಲ್ಲಿ ಏನೋ ತೊಡಕಿಕೊಂಡು, "ಕ... ಕೌ..." ಎಂದಿತು. ಉಜ್ವಲಾ ಬಗ್ಗಿದಳು.

"ಏನ್ರಿ ಕಾಕಾ?"

"ಕೌಠಾ!"

ದಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಜ್ವಲಾ ಮಾತ್ರ ಹಣೆ ಬಡಿದುಕೊಂಡು, ಏನೂ ವಿಶೇಷ ನಡೆದಿಲ್ಲವೆಂಬಂತೆ ಹೇಳಿದಳು: "ಹೌದ್ರಿ, ಕೌಠಾ ಬಿಟ್ಟೆ. ನಾ ಬೀದರದಾಗೇ ಇಳೀತಿದ್ದೆ, ಮುಂದಿನ ಹಾದಿ ನನಗ ಹ್ಯಾಂಗ ಗೊತ್ತಿರಬೇಕು? ಕೌಠಾ ಆದ ಮ್ಯಾಲ ಯಾವುದ್ರಿ?"

"ಸಂತಪೂರ," ಎಂದ ಶಿವರಾಜಪ್ಪ. ತನ್ನ ದನಿ ಕೇಳಿ ತಾನೇ ಬೆಚ್ಚಿದ. "ಔರಾದ."

ಆದರೆ ನೀರು ಬೇಕೋ ಎಂದರೆ ನೀರು ಎನ್ನಲು ಬರಲಿಲ್ಲ. ಇವರು ಯಾರು ಎಂದು ದಾನಮ್ಮನನ್ನು ತೋರಿಸಿದರೆ ಬರೀ ತುಟಿ ಅಲುಗಿತು. ಬಹಳ ವರ್ಷ ರೂಢಿಯಾದ ಮಾತು ಮೆದುಳಿನಲ್ಲಿ ಬೇರೆ ದಾರಿಯಿಂದ ಬರುತ್ತದೆ, ಅದನ್ನೇ ಹಿಡಿದು ಮುಂದೆ ಒಯ್ಯಬಹುದು ಎಂದು ಸಂಜೆ ಡಾಕ್ಟರು ವಿವರಿಸಿದರು. ಉಜ್ವಲಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಬಿ.ಪಿ. ನೋಡಲು ಬಂದಾಗ ಒಂದು ಊರು ಅವಳು, ಮುಂದಿನದು ಅವನು. ಗುಳಿಗೆ ಕೊಡಲು ಬಂದಾಗ ಇನ್ನೊಂದು ಸುತ್ತು. ಎರಡು ದಿನವಾದ ಮೇಲೆ ಅವಳು ಒಂದು ಹುಡುಗಾಟ ಹೂಡಿದಳು. ಊರುಗಳ ನಡುವೆ ಬೇರೆ ಮಾತು ತುರುಕಿದಳು.

"ಹಲಬರ್ಗಾ, ನೌಬಾದ, ನೀರು, ಬೀದರ. ಹೇಳ್ರಿ."

ಸಿಟ್ಟು ಬಂದರೂ ಹೇಳಿದ. ನೀರು ಬಂತು. ಚಹಾ ಬಂತು. ನೋವು ಬಂತು. ಹನ್ನೆರಡನೆಯ ದಿನ ಅವಳು, "ಜನವಾಡಾ, ಕೌಠಾ, ದಾನಮ್ಮ," ಎಂದಳು. ಶಿವರಾಜಪ್ಪ ಹೆಂಡತಿಯನ್ನು ನಲವತ್ತು ವರ್ಷ "ಏ, ಕೇಳಿಲ್ಲಿ" ಎಂದು ಕರೆದವನೇ ಹೊರತು ಹೆಸರು ಹಿಡಿದವನಲ್ಲ. ವಾರ್ಡಿನವರೆಲ್ಲ ಅವನನ್ನೇ ನೋಡುತ್ತಿದ್ದರು. "ಜನವಾಡಾ... ಕೌಠಾ..." ಎಂದು ನಿಂತು, ಉಸಿರೆಳೆದುಕೊಂಡು, "ದಾ...ನಮ್ಮ" ಎಂದ. ಎದುರಿನ ಮಂಚದ ಮುದುಕ, "ಆ ಊರಾಗ ಬಸ್ಸ್ ನಿಲ್ತದೇನ್ರಿ?" ಎಂದು ಕೇಳಿದ. ದಾನಮ್ಮ ನಾಚಿ ಹೊರಗೆ ಹೋದಳು, ಎಷ್ಟು ಹೊತ್ತಾದರೂ ಬರಲಿಲ್ಲ. ನಳದ ಹತ್ತಿರ ನಿಂತು ಅಳುತ್ತಿದ್ದಳೆಂದು ಅಮೋಲ್ ಬಂದು ಹೇಳಿದ.

ಇಪ್ಪತ್ತೆರಡನೆಯ ದಿನ ಮನೆಗೆ ಕಳಿಸಿದರು. ಉಜ್ವಲಾಳಿಗೆ ಅಂದು ರಜೆ. ಅವಳಿಗೆ ಏನೋ ಹೇಳಬೇಕಿತ್ತು, ಹೇಳಲಿಲ್ಲ ಎಂಬ ಚಡಪಡಿಕೆ ಶಿವರಾಜಪ್ಪನ ಜತೆ ಭಾಲ್ಕಿಗೆ ಬಂತು. ಕೋಲು ಹಿಡಿದು ನಡೆಯಲು ಮೂರು ತಿಂಗಳು ಹಿಡಿಯಿತು. ಮಾತು ಅರ್ಧ ಬಂತು, ಉಳಿದರ್ಧಕ್ಕೆ ತಡಕಾಡಬೇಕು. ಆದರೂ ಒಂದು ವಾಕ್ಯವನ್ನು ಮಾತ್ರ ಅವನು ಹಟಕ್ಕೆ ಬಿದ್ದು ರೂಢಿಮಾಡುತ್ತಿದ್ದ: "ನೀವು ನನ್ನ ಬಾಯಿಗಿ ಮಾತು ಕೊಟ್ಟೀರಿ." ಅಂಗಳದಲ್ಲಿ, ಸ್ನಾನದ ಮನೆಯಲ್ಲಿ, ಖಾಜಾ ಮಿಯಾನ ಎದುರಿನಲ್ಲಿ. ಮಿಯಾ ಪ್ರತಿ ಸಲವೂ, "ನನಗ ಯಾಕ ಹೇಳ್ತಿ, ನಡಿ, ಹೋಗಿ ಆಕಿಗೇ ಹೇಳೂಣು," ಎನ್ನುವನು.

ಹತ್ತು ತಿಂಗಳ ಮೇಲೆ ಹೊರಟೇಬಿಟ್ಟರು. ದಾನಮ್ಮ ಜೋಳದ ರೊಟ್ಟಿ, ಪುಂಡಿ ಪಲ್ಯ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬೀದರಿನ ವಾರ್ಡಿನಲ್ಲಿ ಅಮೋಲ್ ಸಿಕ್ಕಿದ. ಶಿವರಾಜಪ್ಪ ಬಲಗೈ ಎತ್ತಿ ತೋರಿಸಿದ; ಅಮೋಲ್ ಹೆದರಿದಂತೆ ನಟಿಸಿ ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಬಂದು ತಬ್ಬಿಕೊಂಡ. ಅವನ ಪಾಲಿನ ರೊಟ್ಟಿ ಅವನಿಗೆ ಕೊಟ್ಟದ್ದಾಯಿತು. ಉಜ್ವಲಾಳಿಗೆ ಔರಾದಕ್ಕೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತು.

ಹಾಗಾಗಿ ಗೆಳೆಯರಿಬ್ಬರೂ ಔರಾದದ ಬಸ್ಸು ಹತ್ತಿದರು, ಮೊದಲ ಬಾರಿಗೆ ಇಬ್ಬರೂ ಪ್ರಯಾಣಿಕರಾಗಿ. ಡ್ರೈವರ್ ಗೇರು ಬದಲಿಸಿದಾಗಲೆಲ್ಲ ಮಿಯಾ ಮುಖ ಕಿವುಚುತ್ತಿದ್ದ.

ಔರಾದದ ಆಸ್ಪತ್ರೆಯಲ್ಲಿ ಅಂದು ವಿಪರೀತ ಗದ್ದಲ. ಉಜ್ವಲಾ ಒಂದು ಮಗುವಿಗೆ ಸೂಜಿ ಚುಚ್ಚಿ, ಅದರ ಅಜ್ಜಿಗೆ ಧೈರ್ಯ ಹೇಳಿ, ಕೈ ತೊಳೆದು ತಿರುಗಿದಾಗ ಎದುರಿಗೆ ಶಿವರಾಜಪ್ಪ.

"ಯಾರಿಗಿ ತೋರಸಬೇಕ್ರಿ ಅಜ್ಜಾ? ಚೀಟಿ ಮಾಡ್ಸೀರೇನು?"

ಅವಳಿಗೆ ಗುರುತು ಹತ್ತಲಿಲ್ಲ. ಶಿವರಾಜಪ್ಪನ ಎದೆ ಒಮ್ಮೆ ಕುಗ್ಗಿತು. ಆಮೇಲೆ ಅವನಿಗೆ ಹೊಳೆಯಿತು: ನಾಲ್ಕು ವರ್ಷ ತನ್ನ ಬಸ್ಸಿನಲ್ಲಿ ಬಂದವಳನ್ನು ತಾನಾದರೂ ಎಲ್ಲಿ ಗುರುತಿಸಿದ್ದೆ? ಎಷ್ಟು ಜನ ಹತ್ತಿ ಇಳಿಯುತ್ತಾರೆ.

"ನಾ... ಕಂಡಕ್ಟರ್," ಎಂದ.

ಅವಳ ಕಣ್ಣು ಅಗಲವಾದವು. "ಕಾಕಾ! ನಡಕೋತ ಬಂದೀರಿ!" ಮೊದಲು ಮಾಡಿದ ಕೆಲಸವೆಂದರೆ ಅವನ ಮುಂಗೈ ಹಿಡಿದು ನಾಡಿ ನೋಡಿದ್ದು. ಬಲಗೈ ಎತ್ತಿಸಿದಳು, ಬೆರಳು ಮಡಚಿಸಿದಳು, ಗುಳಿಗೆ ತಪ್ಪಿಸುತ್ತಿಲ್ಲವಷ್ಟೇ ಎಂದು ಮಿಯಾನನ್ನು ಕೇಳಿದಳು. ಅಷ್ಟಾದ ಮೇಲೆ ನಕ್ಕಳು.

ಶಿವರಾಜಪ್ಪ ವಾಕ್ಯ ತೆಗೆದ. "ನೀವು... ನನ್ನ..." ಅಲ್ಲಿಗೇ ನಿಂತಿತು. ಹತ್ತು ತಿಂಗಳು ತಿದ್ದಿದ ಮಾತು ಎಲ್ಲಿಗೆ ಹೋಯಿತೋ. ಮಿಯಾ ಮುಂದೆ ಬಂದು, "ಅದೇನಂದ್ರ ಸಿಸ್ಟರ್..." ಎನ್ನುವಷ್ಟರಲ್ಲಿ ಉಜ್ವಲಾ ಕೈ ಎತ್ತಿ ತಡೆದಳು.

"ನೀವು ಸುಮ್ಕಿರ್ರಿ. ಅವರೇ ಹೇಳ್ತಾರ."

ಹಿಂದೆ ಜನ ನಿಂತಿದ್ದರು. ಯಾರೋ "ಸಿಸ್ಟರ್, ಸಿಸ್ಟರ್" ಎನ್ನುತ್ತಿದ್ದರು. ಅವಳು ಬೇರೆ ಕೆಲಸವೇ ಇಲ್ಲದವಳಂತೆ ಅವನ ಬಾಯಿಯನ್ನೇ ನೋಡುತ್ತ ನಿಂತಳು. ಕೊನೆಗೆ ಬಂದದ್ದು ಅವನು ರೂಢಿಮಾಡಿದ ಮಾತಲ್ಲ.

"ನಾ ಹೊಲಸಿನಾಗ... ಬಿದ್ದಾಗ... ನನಗ ಮನಷ್ಯಾ ಅಂತ... ನೋಡೀರಿ."

ಉಜ್ವಲಾ ಕಿಸೆಯ ಪೆನ್ನು ತೆಗೆದು ಮತ್ತೆ ಅಲ್ಲೇ ಇಟ್ಟಳು. "ಚೊಲೋ ಆದವರು ಮನಿಗಿ ಹೋಗ್ತಾರ್ರಿ ಕಾಕಾ. ಹೋದ್ರಲ್ಲ ಅಂತ ನಾವು ಖುಷಿಯಾಗಿ ಮುಂದಿನ ಮಂಚಕ್ಕ ಹೋಗ್ತೇವಿ. ಹೊಳ್ಳಿ ಬಂದು ಯಾರು ಹೇಳ್ತಾರ?" ಅವಳು ಆಚೆ ತಿರುಗಿದಳು. "ಇರ್ರಿ, ಆ ಕೂಸಿನ ಜ್ವರ ನೋಡಿ ಬರ್ತೇನಿ."

ಅವಳು ಮರಳಿ ಬಂದಾಗ ಮೂರು ಗಂಟೆ. ಬೆಳಗಿನಿಂದ ಬರೀ ಚಹಾದ ಮೇಲಿದ್ದಳು. ಔಷಧದ ಕೋಣೆಯಲ್ಲಿ ನಿಂತುಕೊಂಡೇ ದಾನಮ್ಮನ ರೊಟ್ಟಿ ತಿಂದಳು. ಶೇಂಗಾ ಹಿಂಡಿ ನಮ್ಮವ್ವ ಮಾಡಿದಂಗೇ ಅದ ಎಂದಳು. ಅವಳು ತಿನ್ನುವಷ್ಟು ಹೊತ್ತು ಶಿವರಾಜಪ್ಪ ಬಾಗಿಲಲ್ಲಿ ಕೋಲು ಊರಿ ನಿಂತು, ಬಂದವರಿಗೆಲ್ಲ "ಐದು ಮಿನಿಟ... ಐದು ಮಿನಿಟ" ಎಂದು ಗದರಿಸಿ ತಡೆಯುತ್ತಿದ್ದ.

ಈಗ ಅವನು ತಿಂಗಳಿಗೊಮ್ಮೆ ಕೈಯ ವ್ಯಾಯಾಮಕ್ಕೆಂದು ಬೀದರಿಗೆ ಹೋಗುತ್ತಾನೆ. ಹೋಗುವಾಗಲೆಲ್ಲ ವಾರ್ಡಿನ ನರ್ಸುಗಳಿಗೆಂದು ಒಂದು ಡಬ್ಬಿ ಬೇಕೇಬೇಕು. ಪಾಳಿಯಲ್ಲಿ ಯಾರಿರುತ್ತಾರೋ ಅವರಿಗೆ. ಹೆಸರು ಗೊತ್ತಿರಲಿ, ಬಿಡಲಿ. ಡಬ್ಬಿಗಳು ಮರಳಿ ಬರುವುದಿಲ್ಲ.

"ಮನ್ಯಾಗ ಎರಡೇ ಡಬ್ಬಿ ಉಳದಾವ್ರಿ," ಎಂದು ದಾನಮ್ಮ ಮೊನ್ನೆ ತಕರಾರು ತೆಗೆದಳು.

ಶಿವರಾಜಪ್ಪ ಮಾತಿಗೆ ತಡಕಾಡಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಾದಳು.

"ದಾನಮ್ಮ," ಎಂದ ಅವನು, "ಅವರು... ನಿಂತೇ ಉಣ್ತಾರ."

ಅವಳು ಹಿಟ್ಟಿನ ಕೈ ಒರೆಸಿಕೊಂಡು ಮೇಲಿನ ಹಲಗೆಯಿಂದ ದೊಡ್ಡ ಡಬ್ಬಿಯನ್ನು ಇಳಿಸಿದಳು.