ಉಡಿಯಲ್ಲಿಟ್ಟ ನೋಟು ಮತ್ತು ಬನಶಂಕರಿಯ ಕೃಪೆ

ತಾಯಿ ಬನಶಂಕರಿಯನ್ನು ನಂಬಿದ ಎಲ್ಲ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ನನ್ನ ಶರಣು. ಹೋದ ವರ್ಷ ಶ್ರಾವಣದಲ್ಲಿ, ಪರೀಕ್ಷೆ ಇನ್ನೇನು ಬಂತು ಎನ್ನುವಾಗ, ನನ್ನ ಮೇಲೆ ಲಂಚ ಕೊಟ್ಟ ಆರೋಪ ಬಂತು. ಯಾರಿಗೆ ಲಂಚ? ತುಂಬು ಬಸುರಿ ಟೀಚರಿಗೆ. ಏನು ಲಂಚ? ಅಕ್ಕಿ, ತೆಂಗಿನಕಾಯಿ, ಗುಳೇದಗುಡ್ಡದ ಖಣ. ಓದಿ ನಗು ಬಂದರೆ ನಕ್ಕುಬಿಡಿ. ನನಗೆ ಆಗ ಬರಲಿಲ್ಲ, ಈಗಲೂ ಬರುವುದಿಲ್ಲ.

ನಮ್ಮದು ಬಾದಾಮಿ ಕಡೆ. ಯಜಮಾನರು ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದರು. ಕಾಂಟ್ರ್ಯಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ನಾನು ಆಗಲೇ ಇಲ್ಲಿಯ ಸಮುದಾಯ ಕಾಲೇಜಿನಲ್ಲಿ ಆಸ್ಪತ್ರೆ ಆಡಳಿತದ ಕೋರ್ಸ್ ಸೇರಿದ್ದೆ. ರೋಗಿಗಳಿಗೆ ಟೆರ್ಮಿನ್, ಅಂದರೆ ಡಾಕ್ಟರನ್ನು ಕಾಣುವ ಸಮಯ, ಕೊಡುವುದು, ಇನ್ಶೂರೆನ್ಸ್ ಕಾರ್ಡ್ ನೋಡುವುದು, ಡಾಕ್ಟರು ಮಾಡಿದ ಪ್ರತಿ ಕೆಲಸಕ್ಕೂ ಅದರದೇ ನಂಬರ್ ಹಾಕಿ ಬಿಲ್ ಕಳಿಸುವುದು, ಒಬ್ಬರ ಕಾಯಿಲೆಯನ್ನು ಇನ್ನೊಬ್ಬರ ಮುಂದೆ ಆಡದಿರುವುದು, ಇವೇ ಪಾಠ. ಬೊಬ್ಲಿಂಗೆನ್‌ನ ಒಂದು ಕ್ಲಿನಿಕ್‌ನವರು ಪಾಸಾದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಇದ್ದದ್ದು ಒಂದೇ ಜಾಗ. ನಾವು ಈ ದೇಶದಲ್ಲಿ ಉಳಿಯುವುದು ಅದರ ಮೇಲೆಯೇ ನಿಂತಿತ್ತು. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಮಗಳನ್ನು ಶಾಲೆಯಿಂದ ಕಿತ್ತುಕೊಂಡು ಊರಿಗೆ ಹೋಗಿ ಏನು ಮಾಡುವುದು?

ನಮ್ಮ ಟೀಚರ್ ಫ್ರಾವ್ ಕೆಲ್ಲರ್. ನನ್ನ ಹರಕು ಜರ್ಮನ್ ಕೇಳಿ ಒಮ್ಮೆಯೂ ಮುಖ ಗಂಟು ಹಾಕಿದವರಲ್ಲ. ಹೆರಿಗೆ ರಜೆಗೆ ಹೋಗುವ ಶುಕ್ರವಾರ, ಬಸುರಿಯನ್ನು ಬರಿಗೈಯಲ್ಲಿ ಹೇಗೆ ಕಳಿಸುವುದೆಂದು ಕ್ಲಾಸಿನಲ್ಲೇ ಉಡಿ ತುಂಬಿದೆ. ಅವರಿಗೆ ಸೆರಗೆಲ್ಲಿ? ಕೊರಳಿನ ಶಾಲನ್ನೇ ಒಡ್ಡಿದರು. ಅಕ್ಕಿ, ಕಾಯಿ, ಎಲೆ-ಅಡಿಕೆ, ಖಣ ಹಾಕಿ, ನಮ್ಮ ಕಡೆಯ ಪದ್ಧತಿಯಂತೆ ಮೇಲೊಂದು ನೋಟು ಇಟ್ಟೆ. ಕ್ಲಾಸಿನಲ್ಲಿದ್ದ ನಮ್ಮ ಭಜನಾ ಮಂಡಳಿಯ ಅಕ್ಕ ಒಬ್ಬರು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಉಳಿದವರು ಚಪ್ಪಾಳೆ ತಟ್ಟಿದರು.

ಎರಡು ತಿಂಗಳಾದ ಮೇಲೆ ಆಫೀಸಿನಿಂದ ಕರೆ ಬಂತು. ಅಂಕ ಕೊಡುವವರಿಗೆ ಹಣ ಕೊಟ್ಟಿದ್ದೀರಿ, ದೂರು ಬಂದಿದೆ, ವಿಚಾರಣೆ ಮುಗಿಯುವವರೆಗೆ ಪರೀಕ್ಷೆಗೆ ಕೂರುವಂತಿಲ್ಲ, ಟೀಚರನ್ನು ಸಂಪರ್ಕಿಸುವಂತೆಯೂ ಇಲ್ಲ ಎಂದರು ಡೈರೆಕ್ಟರ್. ಉಡಿ ಎಂದರೇನು ಎಂದು ಜರ್ಮನ್‌ನಲ್ಲಿ ಹೇಳಲು ಹೋಗಿ ತೊದಲಿದೆ. ಹೊಟ್ಟೆ, ಅಕ್ಕಿ, ದುಡ್ಡು ಎನ್ನುತ್ತಾ ಹೋದಷ್ಟೂ ಅದು ಲಂಚದ ಹಾಗೆಯೇ ಕೇಳಿಸಿತು.

ದೂರು ಕೊಟ್ಟವರು ಫ್ರಾವ್ ಕೆಲ್ಲರ್ ಅವರೇ ಎಂದು ನಂಬಿದೆ. ನಗುತ್ತಾ ಶಾಲು ಒಡ್ಡಿ, ಹೊರಗೆ ಹೋಗಿ ಹೀಗೆ ಮಾಡಿದರಲ್ಲ ಎಂದು ಹೊಟ್ಟೆ ಉರಿಯಿತು. ಮಂಡಳಿಯ ಗ್ರೂಪಿನಲ್ಲಿ ಹೇಳಿಕೊಂಡರೆ ಬಂದದ್ದು ಕೈಮುಗಿದ ಚಿತ್ರಗಳು. ಪೂರ್ವಜನ್ಮದ ಕರ್ಮ ಎಂದರು ಒಬ್ಬರು. ಸುಮ್ಮನೆ ಕೋರ್ಸ್ ಬಿಟ್ಟುಬಿಡು, ಮಾನ ಉಳಿಯುತ್ತದೆ ಎಂದು ತಟ್ಟೆ ಹಿಡಿದ ಅಕ್ಕ ಫೋನ್ ಮಾಡಿ ಬುದ್ಧಿ ಹೇಳಿದರು. ಯಜಮಾನರು ಮಾತ್ರ ಬೇರೆಯೇ ಕೇಳಿದರು: "ಆ ನೋಟ್ ಯಾಕ ಇಡಾಕ ಹೋದಿ? ಬರೇ ಕಾಯಿ ಕೊಟ್ಟಿದ್ರ ಸಾಕಾಗ್ತಿರಲಿಲ್ಲೇನು?" ನಮ್ಮವ್ವ ಇಡುತ್ತಿದ್ದಳು, ನಾನೂ ಇಟ್ಟೆ.

ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚಿ ತಾಯಿಯ ಮುಂದೆ ಕೂತೆ. ಅದನ್ನು ಪ್ರಾರ್ಥನೆ ಎನ್ನಲಾರೆ, ಜಗಳವಾಡಿದೆ. "ನಿನ್ನ ಉಡಿ ತುಂಬಿದ ಕೈಲೇನ ಆಕಿ ಉಡಿ ತುಂಬೇನಿ. ಇದು ಕಳ್ಳರ ಕೈ ಆದ್ರ, ನೀ ತಗೊಂಡಿದ್ದೂ ಲಂಚಾನ" ಎಂದುಬಿಟ್ಟೆ. ಆಮೇಲೆ ಹೆದರಿ ಅತ್ತೆ.

ಸೋಮವಾರ ಕೋರ್ಸ್ ಬಿಡುತ್ತೇನೆಂದು ಹೇಳಿಬರಲು ಬಸ್ ಹತ್ತಿದೆ. ಎರಡು ಸ್ಟಾಪ್ ದಾಟಿದ ಮೇಲೆ ಮಗುವಿನ ಗಾಡಿ ತಳ್ಳಿಕೊಂಡು ಹತ್ತಿದವರು ಫ್ರಾವ್ ಕೆಲ್ಲರ್! ಅವರು ಯಾವತ್ತೂ ರೈಲಿನಲ್ಲಿ ಹೋಗುವವರು. ಅವತ್ತು ಸ್ಟೇಷನ್ನಿನ ಲಿಫ್ಟ್ ಕೆಟ್ಟಿತ್ತು. ಈ ದೇಶದಲ್ಲಿ ಲಿಫ್ಟ್ ಕೆಡುವುದು ದಿನನಿತ್ಯದ ಸಂಗತಿ ಎಂದು ನೀವು ಹೇಳಬಹುದು. ಅವತ್ತಿನದನ್ನು ಕೆಡಿಸಿದವಳು ತಾಯಿಯೇ ಎಂದು ನಾನು ಹೇಳುತ್ತೇನೆ. ನಾನು ಮುಖ ತಿರುಗಿಸಿದೆ. ಅವರೇ ಬಂದು ತೋಳು ಹಿಡಿದು, ಪರೀಕ್ಷೆಯ ತಯಾರಿ ಹೇಗಿದೆ ಎಂದು ಕೇಳಿದರು. ಅವರಿಗೆ ಏನೊಂದೂ ಗೊತ್ತಿರಲಿಲ್ಲ. ರಜೆಯಲ್ಲಿದ್ದವರನ್ನು ಕಾಲೇಜಿನವರು ಒಂದು ಮಾತೂ ಕೇಳಿರಲಿಲ್ಲ.

ನನ್ನೊಡನೆ ಇಳಿದು, ಗಾಡಿಯನ್ನು ಸೀದಾ ಡೈರೆಕ್ಟರ್ ಕೋಣೆಗೆ ನುಗ್ಗಿಸಿದರು. ಇಡೀ ಕ್ಲಾಸಿನ ಮುಂದೆ ತೆಗೆದುಕೊಂಡೆ, ನೋಟನ್ನು ಅವತ್ತೇ ನಿಮ್ಮ ಸೆಕ್ರೆಟರಿಯ ಎದುರಿಗೇ ಬಾಗಿಲಲ್ಲಿರುವ ಮಕ್ಕಳ ನಿಧಿಯ ಡಬ್ಬಿಗೆ ಹಾಕಿದೆ, ಕರೆದು ಕೇಳಿ ಎಂದರು. ಸೆಕ್ರೆಟರಿ ಬಂದು ಹೌದೆಂದರು. ಡೈರೆಕ್ಟರ್ ಮುಖ ಕೆಂಪಾಯಿತು. ತಮ್ಮನ್ನು ಸಮರ್ಥಿಸಿಕೊಳ್ಳಲು ನನ್ನ ಕಡೆ ತಿರುಗಿ ಹೇಳಿದರು: "ನಮಗೆ ನಿಮ್ಮ ಪದ್ಧತಿ ಗೊತ್ತಿಲ್ಲ. ನಿಮ್ಮ ದೇಶದಲ್ಲಿ ಅಂಕ ಕೊಳ್ಳುವುದೇ ಹೀಗೆ ಎಂದು ವಿವರಿಸಿದವರು ನಿಮ್ಮವರೇ. ಅವರು ತಟ್ಟೆ ಹಿಡಿದಿದ್ದರಂತೆ."

ಆರೋಪ ಅಲ್ಲೇ ಬಿದ್ದುಹೋಯಿತು, ಆದರೆ ಖುಷಿ ಆಗಲಿಲ್ಲ. ಪರದೇಶದವರು ತಿಳಿಯದೆ ಮಾಡಿದ್ದಾದರೆ ನುಂಗಿಕೊಳ್ಳಬಹುದಿತ್ತು. ಪ್ರತಿ ನವರಾತ್ರಿಯೂ ಉಡಿ ತುಂಬಿಸಿಕೊಳ್ಳುವ ಹೆಂಗಸು, ಎಲ್ಲ ಗೊತ್ತಿದ್ದೂ, ತಾವೂ ಅರ್ಜಿ ಹಾಕಿದ್ದ ಅದೇ ಕ್ಲಿನಿಕ್‌ನ ಜಾಗಕ್ಕಾಗಿ ಹೀಗೆ ಹೇಳಿದ್ದರು.

ಪರೀಕ್ಷೆ ಬರೆದೆ, ಪಾಸಾದೆ. ಈಗ ಆ ಕ್ಲಿನಿಕ್‌ನ ರಿಸೆಪ್ಶನ್‌ನಲ್ಲಿ ಕೂರುತ್ತೇನೆ. ಮಗಳು ಅದೇ ಶಾಲೆಯಲ್ಲಿದ್ದಾಳೆ. ನಾನು ಕೂಗಾಡಿದರೂ ತಾಯಿ ಕೈ ಬಿಡಲಿಲ್ಲ. ಹೊಗಳಿದಾಗ ಮಾತ್ರ ಕೇಳಿಸಿಕೊಳ್ಳುವವಳಲ್ಲ ಅವಳು, ಇದು ನನಗೆ ಈಗ ಗಟ್ಟಿಯಾಗಿ ಗೊತ್ತು.

ಅಕ್ಕ, ಈ ಬರಹ ನಿಮ್ಮ ಫೋನಿಗೂ ಬರುತ್ತದೆ. ಹೆಸರು ಬರೆದಿಲ್ಲ, ಬರೆಯುವುದೂ ಇಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಮುಗಿಸಿದರೆ ಓದುವವರಿಗೆಲ್ಲ ಹಿತವಾಗಿರುತ್ತದೆ. ಆದರೆ ತಾಯಿಯ ಹೆಸರಿನಲ್ಲಿ ಸುಳ್ಳು ಬರೆಯಲಾರೆ. ಬರುವ ಶುಕ್ರವಾರದ ಪೂಜೆ ನಮ್ಮ ಮನೆಯಲ್ಲಿ. ನೀವೂ ಬನ್ನಿ. ಅವಳೇ ಬರಬೇಡ ಎನ್ನದಿರುವಾಗ ಹೇಳಲು ನಾನು ಯಾರು? ಎಲೆ ಹಾಕುತ್ತೇನೆ, ಹೊಟ್ಟೆ ತುಂಬ ಬಡಿಸುತ್ತೇನೆ. ನನ್ನಿಂದ ಮಾತು ಮಾತ್ರ ಕೇಳಬೇಡಿ.